ಮಿಲಿಟರಿ ಜಾಕೆಟ್ ನಿಜವಾಗಿ ಚಳಿ ತಡೆಯುತ್ತಾ? ದಾವಣಗೆರೆಯಲ್ಲೇ ಕುಳಿತು ಪರೀಕ್ಷಿಸುವುದು ಹೇಗೆ

ನವೆಂಬರ್ ಬಂತು ಅಂದರೆ ನನಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಅಣ್ಣಾ, ಆರ್ಮಿ ಜಾಕೆಟ್ ಸಿಗ್ತಿದೆ. ಒರಿಜಿನಲ್ ಅಂತಾರೆ. ತಗೊಳ್ಳಲಾ?" ಕೇಳುವವರಲ್ಲಿ ಹಿಮಾಲಯದ ಕೇದಾರ್‌ಕಾಂಠಾ ಚಾರಣಕ್ಕೆ ಹೊರಟ ದಾವಣಗೆರೆಯ ಕಾಲೇಜು ಹುಡುಗರಿದ್ದಾರೆ. ಬೈಕಿನಲ್ಲಿ ಲೇಹ್‌ಗೆ ಹೋಗಬೇಕು ಅನ್ನುವ ಚಿತ್ರದುರ್ಗದವರಿದ್ದಾರೆ. ಮಗಳು ಓದಲು ಜರ್ಮನಿಗೆ ಹೋಗುತ್ತಾಳೆ, ಅವಳಿಗೆ ಯಾವುದು ಕೊಡಿಸಲಿ ಅಂತ ಕೇಳುವ ತಂದೆಯರೂ ಇದ್ದಾರೆ.

ನಮ್ಮ ಕಡೆಯವರಿಗೆ ಒಂದು ದೊಡ್ಡ ತೊಂದರೆ ಇದೆ. ಜಾಕೆಟ್ ಚೆನ್ನಾಗಿದೆಯಾ ಅಂತ ನೋಡಲು ಇಲ್ಲಿ ಚಳಿಯೇ ಇಲ್ಲ. ಡಿಸೆಂಬರ್ ಬೆಳಗಿನ ಜಾವ 15 ಡಿಗ್ರಿ ಸುತ್ತಮುತ್ತ ಇದ್ದರೆ ನಾವು ಮಫ್ಲರ್ ಸುತ್ತಿಕೊಳ್ಳುತ್ತೇವೆ. ಆ ಚಳಿಗೆ ಯಾವ ಜಾಕೆಟ್ ಹಾಕಿದರೂ ಬೆಚ್ಚಗೇ ಇರುತ್ತದೆ. ಅಂಗಡಿಯಲ್ಲಿ ಹಾಕಿ ನೋಡಿ, ಎರಡೇ ನಿಮಿಷದಲ್ಲಿ ಬೆವರು ಬಂತು, ಆದ್ದರಿಂದ ಒಳ್ಳೆಯ ಜಾಕೆಟ್ ಅಂತ ತಂದುಬಿಡುತ್ತೇವೆ. ಅದರ ನಿಜಬಣ್ಣ ಗೊತ್ತಾಗುವುದು ಹಿಮದ ಮೇಲೆ ಟೆಂಟ್ ಹಾಕಿದ ರಾತ್ರಿ. ಅಲ್ಲಿಂದ ವಾಪಸ್ ಕೊಟ್ಟು ಬರುವುದಕ್ಕೆ ಆಗುವುದಿಲ್ಲ ಅಲ್ವಾ?

ಅದಕ್ಕೇ ಈ ಬರಹ. ಚಳಿ ಇಲ್ಲದ ಊರಿನಲ್ಲೇ ಇದ್ದುಕೊಂಡು ಚಳಿಯ ಜಾಕೆಟ್ಟನ್ನು ಅಳೆಯುವ ದಾರಿ ಇಲ್ಲಿದೆ.

ಮೊದಲು ಒಂದು ವಿಷಯ ತಿಳಿದಿರಲಿ

ಬಟ್ಟೆ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ. ಬಿಸಿ ಹುಟ್ಟುವುದು ನಿಮ್ಮ ಮೈಯಲ್ಲಿ. ಆ ಬಿಸಿ ಹೊರಗೆ ಓಡದಂತೆ ತಡೆಯುವುದು ಬಟ್ಟೆಯೊಳಗೆ ಅಲುಗಾಡದೆ ನಿಂತ ಗಾಳಿ. ಹೊಸ ಅರಳೆ ಹಾಸಿಗೆ ನೆನಪಿಸಿಕೊಳ್ಳಿ. ಹತ್ತಿ ಹಿಂಜಿ ತುಂಬಿದ ಮೊದಲ ವರ್ಷ ಅದು ಎಷ್ಟು ಬೆಚ್ಚಗಿರುತ್ತದೆ! ಐದಾರು ವರ್ಷ ಮಲಗಿದ ಮೇಲೆ ಹತ್ತಿ ಗಂಟುಕಟ್ಟಿ ಚಪ್ಪಟೆಯಾಗುತ್ತದೆ, ನೆಲದ ತಣ್ಣಗೆ ಬೆನ್ನಿಗೆ ಹತ್ತುತ್ತದೆ. ಹತ್ತಿ ಅಷ್ಟೇ ಇದೆ, ತೂಕವೂ ಅಷ್ಟೇ. ಕಡಿಮೆಯಾದದ್ದು ಅದರೊಳಗಿನ ಗಾಳಿ. ಮತ್ತೆ ಹಿಂಜಿಸಿದರೆ ಮತ್ತೆ ಬೆಚ್ಚಗೆ.

ಜಾಕೆಟ್ ಕೂಡ ಹೀಗೇ. ಅದರಲ್ಲಿ ಎರಡು ಭಾಗ ಇರುತ್ತವೆ. ಒಳಗಿನದು ಲೈನರ್, ಅಂದರೆ ತುಂಬಣ ಇಟ್ಟು ಕೌದಿಯ ಹಾಗೆ ಹೊಲಿದ ಒಳಪದರ. ಇದು ಗಾಳಿಯನ್ನು ಹಿಡಿದಿಡುತ್ತದೆ. ಹೊರಗಿನದು ಶೆಲ್, ಅಂದರೆ ಹೊರಬಟ್ಟೆ. ಒಳಗೆ ನಿಂತ ಗಾಳಿಯನ್ನು ಹೊರಗಿನ ಗಾಳಿ ಎಳೆದುಕೊಂಡು ಹೋಗದಂತೆ ಇದು ಕಾಯುತ್ತದೆ. ಎರಡರ ಕೆಲಸ ಬೇರೆ ಬೇರೆ, ಆದ್ದರಿಂದ ಪರೀಕ್ಷೆಯೂ ಬೇರೆ ಬೇರೆ. ಮುಂದಿನ ಹಂತಗಳಲ್ಲಿ ಎಲ್ಲೇ ಗೊಂದಲ ಆದರೂ ಇಷ್ಟನ್ನು ನೆನಪಿಟ್ಟುಕೊಂಡರೆ ಸಾಕು.

ಬೇಕಾದ ಸಾಮಾನು

ಟೈಲರ್ ಟೇಪ್, ಸ್ಕೇಲ್, ಮೊಬೈಲ್ ಟಾರ್ಚ್, ಸಣ್ಣ ಕತ್ತರಿ, ಚಿಮಟ, ಬೆಂಕಿಪೊಟ್ಟಣ, ಟೇಬಲ್ ಫ್ಯಾನ್, ಒಂದೇ ಅಳತೆಯ ಎರಡು ಸ್ಟೀಲ್ ಬಾಟಲಿ, 100 ಡಿಗ್ರಿವರೆಗೆ ಅಳೆಯುವ ಥರ್ಮಾಮೀಟರ್. ಜೊತೆಗೆ ಒಂದು ಕಂಬಳಿ. ಚಳ್ಳಕೆರೆ ಕಂಬಳಿ ಮನೆಯಲ್ಲಿದ್ದರೆ ಅದೇ ಒಳ್ಳೆಯದು. ಅದು ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಹಂತ 1: ಯಾವ ಚಳಿಗೆ ಅಂತ ಬರೆದುಕೊಳ್ಳಿ

"ಚಳಿಗೆ ಒಂದು ಜಾಕೆಟ್" ಅಂದರೆ ಏನೂ ಹೇಳಿದ ಹಾಗಾಗುವುದಿಲ್ಲ. ಒಂದು ಹಾಳೆಯಲ್ಲಿ ಮೂರು ವಿಷಯ ಬರೆಯಿರಿ. ರಾತ್ರಿ ಅತಿ ಕಡಿಮೆ ಎಷ್ಟು ಡಿಗ್ರಿ ಇರುತ್ತದೆ? ಗಾಳಿ ಎಷ್ಟು? ಜಾಕೆಟ್ ಹಾಕಿಕೊಂಡಾಗ ನೀವು ನಡೆಯುತ್ತಿರುತ್ತೀರಾ, ಸುಮ್ನೆ ಕೂತಿರುತ್ತೀರಾ?

ಎತ್ತರದ ಲೆಕ್ಕ ಸುಲಭ. ಪ್ರತಿ 1000 ಮೀಟರ್ ಮೇಲೆ ಹೋದಂತೆ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ದಾವಣಗೆರೆ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ, ಲೇಹ್ ಸುಮಾರು 3500 ಮೀಟರಿನಲ್ಲಿ. ಬರೀ ಎತ್ತರದಿಂದಲೇ ಹತ್ತಿರ ಹತ್ತಿರ 19 ಡಿಗ್ರಿ ವ್ಯತ್ಯಾಸ. ಅದು ಉತ್ತರದ ಊರು ಅನ್ನುವುದನ್ನು ಇದಕ್ಕೆ ಇನ್ನೂ ಸೇರಿಸಬೇಕು.

ಗಾಳಿಯ ಲೆಕ್ಕವನ್ನು ಜನ ಮರೆಯುತ್ತಾರೆ. ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 30 ಕಿ.ಮೀ. ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 20ರ ಹತ್ತಿರದ ಚಳಿ. ಬೈಕಿನವರು ಗಾಳಿಯನ್ನು ತಾವೇ ಹುಟ್ಟಿಸಿಕೊಳ್ಳುತ್ತಾರೆ. 0 ಡಿಗ್ರಿಯಲ್ಲಿ 60ರ ವೇಗದಲ್ಲಿ ಹೋದರೆ ಮೈನಸ್ 9ರಷ್ಟು ಚಳಿ ಹೊಡೆಯುತ್ತದೆ.

ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ಹತ್ತುತ್ತಿರುವವನ ಮೈ ಒಲೆಯಂತೆ ಉರಿಯುತ್ತಿರುತ್ತದೆ. ಅದೇ ಮನುಷ್ಯ ಟೆಂಟಿನ ಮುಂದೆ ಕೂತರೆ ಒಲೆ ಆರಿಹೋಗುತ್ತದೆ. ನಡೆಯುವಾಗ ಸಾಕಾದ ಜಾಕೆಟ್ ಕೂತಾಗ ಸಾಲುವುದಿಲ್ಲ.

ಹಂತ 2: ಯಾವ ಜಾತಿಯ ಜಾಕೆಟ್ ಅಂತ ಗುರುತಿಸಿ

ನಮ್ಮ ಮಾರುಕಟ್ಟೆಯಲ್ಲಿ "ಆರ್ಮಿ ಜಾಕೆಟ್" ಅನ್ನುವ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ವಸ್ತು ಮಾರುತ್ತಾರೆ.

ಒಂದು, ವಿದೇಶಿ ಸೈನ್ಯಗಳು ಬಳಸಿ ಅಥವಾ ಬಳಸದೆ ಹರಾಜು ಹಾಕಿದ ಸರ್‌ಪ್ಲಸ್, ಅಂದರೆ ಹೆಚ್ಚುವರಿ ದಾಸ್ತಾನು. ಇವುಗಳಲ್ಲಿ ಹೆಸರುವಾಸಿ ಅಮೆರಿಕದ ಎಂ-65 ಫೀಲ್ಡ್ ಜಾಕೆಟ್. 1965ರಲ್ಲಿ ಬಂದದ್ದರಿಂದ ಆ ಹೆಸರು. ಮುಂದೆ ನಾಲ್ಕು ದೊಡ್ಡ ಜೇಬು, ಕಾಲರಿನೊಳಗೆ ಮಡಚಿಟ್ಟ ತೆಳು ಟೋಪಿ, ಸೊಂಟದಲ್ಲಿ ಒಳಗಿನಿಂದ ಎಳೆಯುವ ಲಾಡಿ, ಗುಂಡಿ ಹಾಕಿ ಕೂಡಿಸುವ ಲೈನರ್ ಇದರ ಗುರುತು. ಜರ್ಮನ್ ಸೈನ್ಯದ ಪಾರ್ಕಾಗಳೂ ಕಾಣಸಿಗುತ್ತವೆ. ಪಾರ್ಕಾ ಅಂದರೆ ತೊಡೆಯವರೆಗೆ ಬರುವ, ಟೋಪಿ ಇರುವ ಉದ್ದ ಜಾಕೆಟ್.

ಎರಡು, ಅದೇ ವಿನ್ಯಾಸ ನೋಡಿ ಖಾಸಗಿಯವರು ಹೊಲಿಸಿದ ನಕಲು. ನಕಲು ಎಂದರೆ ಕೆಟ್ಟದ್ದು ಅಂತ ಅಲ್ಲ. ಚೆನ್ನಾಗಿ ಹೊಲಿದ ನಕಲು, ಜೀವ ಹೋದ ಹಳೆಯ ಅಸಲಿಗಿಂತ ಎಷ್ಟೋ ಮೇಲು.

ಮೂರು, ಮಿಲಿಟರಿ ಬಣ್ಣ ಹಚ್ಚಿದ ಫ್ಯಾಷನ್ ಜಾಕೆಟ್. ಇದನ್ನು ಊರಲ್ಲಿ ಹಾಕಿಕೊಳ್ಳಿ, ಬೆಟ್ಟಕ್ಕೆ ಬೇಡ.

ಇಲ್ಲಿ ಕಾನೂನಿನ ಎಚ್ಚರ ಬೇಕು. ನಮ್ಮ ಸೈನ್ಯದ ಮಚ್ಚೆ ಮಚ್ಚೆ ಕಾಂಬ್ಯಾಟ್ ವಿನ್ಯಾಸ ಇರುವ ಜಾಕೆಟ್ ಬೇಡವೇ ಬೇಡ. 2022ರ ಜನವರಿ 15ರ ಸೇನಾ ದಿನದಂದು ಹೊರಬಂದ ಹೊಸ ವಿನ್ಯಾಸದ ಹಕ್ಕನ್ನು ಸೈನ್ಯವೇ ನೋಂದಾಯಿಸಿಕೊಂಡಿದೆ. ಸೈನಿಕನಲ್ಲದವನು ತನ್ನನ್ನು ಸೈನಿಕ ಅಂತ ಜನ ನಂಬಲಿ ಎಂದು ಅಂಥ ಉಡುಪು ಅಥವಾ ಅದನ್ನು ಹೋಲುವ ಉಡುಪು ತೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಂ ಪ್ರಕಾರ ಅಪರಾಧ. ಮೊದಲು ಇದು ಐಪಿಸಿ 140 ಆಗಿತ್ತು. ನಿಮ್ಮ ಉದ್ದೇಶ ಅದಲ್ಲದಿರಬಹುದು. ಆದರೂ ಲಡಾಖ್, ಕಾಶ್ಮೀರದ ಚೆಕ್‌ಪೋಸ್ಟಿನಲ್ಲಿ ನಿಂತು ಉದ್ದೇಶ ವಿವರಿಸುವ ಪಾಡು ಯಾಕೆ? ಒಂದೇ ಬಣ್ಣದ್ದು ತಗೊಳ್ಳಿ. ಭುಜದ ಪಟ್ಟಿ, ಬಿಲ್ಲೆ ಇದ್ದರೆ ಬಿಚ್ಚಿಸಿ. "ಸರ್ವಿಸಿನಲ್ಲಿರುವವರೇ ತಂದುಕೊಟ್ಟದ್ದು" ಅಂತ ಮಾರುವವರ ಹತ್ತಿರ ಕೊಳ್ಳಬೇಡಿ. ಅದು ಸರ್ಕಾರದ ಸ್ವತ್ತು.

ಹಂತ 3: ಲೇಬಲ್ ಓದಿ

ಎಂ-65 ಅಂತ ಹೇಳಿದರೆ ಒಳಗಿನ ಕಾಲರ್ ಹತ್ತಿರ ಅಥವಾ ಒಳಜೇಬಿನ ಹತ್ತಿರ ಬಟ್ಟೆಯ ಲೇಬಲ್ ಹುಡುಕಿ. ಅದರಲ್ಲಿ 8415ರಿಂದ ಶುರುವಾಗುವ ಸಂಖ್ಯೆ ಇರುತ್ತದೆ. ಅದು ಉಡುಪಿನ ದಾಸ್ತಾನು ಸಂಖ್ಯೆ. 1974ರ ನಂತರದ್ದಾದರೆ ಒಟ್ಟು 13 ಅಂಕಿ. ಜೊತೆಗೆ ಡಿಎಸ್‌ಎ ಅಥವಾ ಡಿಎಲ್‌ಎ ಅಂತ ಶುರುವಾಗುವ ಗುತ್ತಿಗೆ ಸಂಖ್ಯೆ ಇರುತ್ತದೆ. ಡಿಎಸ್‌ಎ ಅಂದರೆ ಅಮೆರಿಕದ ಸೈನ್ಯಕ್ಕೆ ಸಾಮಾನು ಕೊಳ್ಳುವ ಇಲಾಖೆ. "ಡಿಎಸ್‌ಎ 100-71-ಸಿ" ಅಂತ ಇದ್ದರೆ ನಡುವಿನ 71 ಅಂದರೆ 1971ರ ಹಣಕಾಸು ವರ್ಷದ ಗುತ್ತಿಗೆ. ಆ ಇಲಾಖೆಯ ಹೆಸರು 1977ರಲ್ಲಿ ಡಿಎಲ್‌ಎ ಅಂತ ಬದಲಾಯಿತು. ಆದ್ದರಿಂದ ಡಿಎಲ್‌ಎ ಅಂತ ಇದ್ದು ನಡುವೆ 68 ಅಂತ ಬರೆದಿದ್ದರೆ ಅನುಮಾನಪಡಿ.

ಆದರೆ ಲೇಬಲ್ ಯಾರು ಬೇಕಾದರೂ ಮುದ್ರಿಸಬಹುದು. ಲೇಬಲ್ ಸರಿ ಇದ್ದ ಮಾತ್ರಕ್ಕೆ ಅಸಲಿ ಅಂತ ಆಗುವುದಿಲ್ಲ, ಲೇಬಲ್ ತಪ್ಪಿದ್ದರೆ ನಕಲಿ ಅಂತ ಮಾತ್ರ ಹೇಳಬಹುದು. ಇನ್ನೊಂದು ಮಾತು: 1971ರ ಜಾಕೆಟ್ ಅಂದರೆ ಅರ್ಧ ಶತಮಾನ ದಾಟಿದ ಬಟ್ಟೆ. ಸಂಗ್ರಹ ಮಾಡುವವರಿಗೆ ಅದು ಹೆಮ್ಮೆ. ಚಳಿಗೆ ಹೋಗುವವರಿಗೆ ಅದರ ವಯಸ್ಸೇ ಒಂದು ಪ್ರಶ್ನೆ. ಅಸಲಿಯೋ ನಕಲಿಯೋ ಅನ್ನುವುದಕ್ಕೆ ಜನ ಕೊಡುವ ತಲೆಬಿಸಿಯಲ್ಲಿ ಅರ್ಧದಷ್ಟನ್ನು ಮುಂದಿನ ಎರಡು ಹಂತಗಳಿಗೆ ಕೊಟ್ಟರೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಹಂತ 4: ಹೊರಬಟ್ಟೆಯ ಪರೀಕ್ಷೆ

ಎಂ-65ರ ಹೊರಬಟ್ಟೆ ಅರ್ಧ ಹತ್ತಿ, ಅರ್ಧ ನೈಲಾನ್ ಸೇರಿಸಿ ಒತ್ತಾಗಿ ನೇಯ್ದದ್ದು. ಗಾಳಿ ತಡೆಯುತ್ತದೆ, ಮುಳ್ಳಿಗೆ ಬೇಗ ಹರಿಯುವುದಿಲ್ಲ. ಆದರೆ ಮಳೆ ತಡೆಯುವುದಿಲ್ಲ. ಇದನ್ನು ಮಾರುವವರು ಹೇಳುವುದಿಲ್ಲ.

ಊದಿ ನೋಡಿ. ಲೈನರ್ ತೆಗೆದು, ಬಟ್ಟೆಯ ಒಂದೇ ಪದರವನ್ನು ತುಟಿಗೆ ಒತ್ತಿ ಹಿಡಿದು ಜೋರಾಗಿ ಊದಿ. ಆಚೆ ಬದಿಗೆ ಅಂಗೈ ಇಡಿ. ಉಸಿರು ಸಲೀಸಾಗಿ ಕೈಗೆ ತಗುಲಿದರೆ ಆ ಜಾಕೆಟ್ ಬೈಕಿಗೂ ಬೇಡ, ಬೆಟ್ಟಕ್ಕೂ ಬೇಡ. ಕಷ್ಟಪಟ್ಟು ಸ್ವಲ್ಪ ದಾಟಿದರೆ ಸರಿಯಾಗಿದೆ. ಏನೂ ದಾಟದಿದ್ದರೆ ಅದಕ್ಕೆ ರಬ್ಬರ್ ಅಥವಾ ಪ್ಲಾಸ್ಟಿಕ್ ಲೇಪ ಇದೆ ಅಂತ ಅರ್ಥ. ಬೈಕಿಗೆ ಅದು ನಡೆಯುತ್ತದೆ, ಹತ್ತುವವರಿಗೆ ಬೆವರು ಒಳಗೇ ಉಳಿಯುತ್ತದೆ.

ನೀರಿನ ಹನಿ. ಭುಜದ ಮೇಲೆ ನಾಲ್ಕು ಹನಿ ಬಿಟ್ಟು ಮೂರು ನಿಮಿಷ ಕಾಯಿರಿ. ಕೆಸುವಿನ ಎಲೆಯ ಮೇಲಿನ ಹಾಗೆ ಹನಿ ಉರುಳಿದರೆ ನೀರು ಜಾರಿಸುವ ಲೇಪ ಇನ್ನೂ ಉಳಿದಿದೆ. ಹೀರಿಕೊಂಡು ಕಪ್ಪಾದರೆ ಲೇಪ ಹೋಗಿದೆ. ಹೋಗಿದ್ದರೂ ಚಿಂತೆಯಿಲ್ಲ, ಚಾರಣದ ಸಾಮಾನು ಮಾರುವಲ್ಲಿ ಅದಕ್ಕೆ ಸ್ಪ್ರೇ ಸಿಗುತ್ತದೆ. ಆದರೆ ಅದನ್ನು ನಂಬಿ ಮಳೆಕೋಟು ಬಿಟ್ಟುಹೋಗಬೇಡಿ.

ದಾರ ಸುಟ್ಟು ನೋಡಿ. ಇದು ಕೊಂಡ ಮೇಲೆ, ಮನೆಯಲ್ಲಿ ಮಾತ್ರ. ಒಳಹೊಲಿಗೆಯ ಅಂಚಿನಿಂದ ಬಟ್ಟೆಯ ಎರಡು ಎಳೆ ಕತ್ತರಿಸಿ, ಚಿಮಟದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಸುಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆಯ ಬೂದಿ. ನೈಲಾನ್, ಪಾಲಿಯೆಸ್ಟರ್ ಆದರೆ ಮುದುಡಿ ಕರಗಿ ಗಟ್ಟಿ ಮಣಿಯಾಗುತ್ತದೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ. ಅರ್ಧಂಬರ್ಧ ಬಟ್ಟೆಯಲ್ಲಿ ಬೂದಿ, ಮಣಿ ಎರಡೂ ಕಾಣುತ್ತವೆ. ಪೂರಾ ಮಣಿಯೇ ಆದರೆ ಅದು ಎಂ-65ರ ಬಟ್ಟೆಯಲ್ಲ. ಅಂಥ ಜಾಕೆಟ್ ಹಾಕಿಕೊಂಡು ಕ್ಯಾಂಪಿನ ಬೆಂಕಿಯ ಹತ್ತಿರ ಕೂರಬೇಡಿ. ಒಂದು ಕಿಡಿ ಬಿದ್ದರೂ ಕರಗಿ ತೂತಾಗುತ್ತದೆ, ಕರಗಿದ್ದು ಮೈಗೆ ಅಂಟುತ್ತದೆ.

ಹಂತ 5: ಲೈನರ್ ಪರೀಕ್ಷೆ

ಜಾಕೆಟ್ ಸೋಲುವುದು ಜಾಸ್ತಿ ಇಲ್ಲೇ. ಹೊರಬಟ್ಟೆ ಮೂವತ್ತು ವರ್ಷ ಬಾಳುತ್ತದೆ, ತುಂಬಣ ಅಷ್ಟು ಬಾಳುವುದಿಲ್ಲ.

ತುಂಬಣದಲ್ಲಿ ಮುಖ್ಯವಾಗಿ ಮೂರು ಬಗೆ. ಪಾಲಿಯೆಸ್ಟರ್ ನಾರು: ಎಂ-65 ಲೈನರಿನಲ್ಲಿ ಇರುವುದು ಇದು. ಒದ್ದೆಯಾದರೂ ಪೂರ್ತಿ ಸಾಯುವುದಿಲ್ಲ, ಬೇಗ ಒಣಗುತ್ತದೆ. ಡೌನ್, ಅಂದರೆ ಬಾತುಕೋಳಿಯ ಎದೆಯ ಮೆತ್ತನೆ ತುಪ್ಪಳ: ತೂಕಕ್ಕೆ ಹೋಲಿಸಿದರೆ ಇದಕ್ಕಿಂತ ಬೆಚ್ಚಗಿನದು ಇಲ್ಲ, ಆದರೆ ಒದ್ದೆಯಾದರೆ ಹಿಟ್ಟಿನ ಉಂಡೆಯಂತೆ ಅಂಟಿಕೊಳ್ಳುತ್ತದೆ. ಮೂರನೆಯದು ಉಣ್ಣೆ ಅಥವಾ ತುಪ್ಪಳದ ಹಾಗೆ ನೇಯ್ದ ಕೃತಕ ಬಟ್ಟೆ. ಇದು ಭಾರ, ಆದರೆ ಗಟ್ಟಿ. ಉಣ್ಣೆಯಾದರೆ ನುಸಿ ತಿಂದ ಸಣ್ಣ ತೂತುಗಳಿವೆಯಾ ನೋಡಿ.

ಈಗ ಉಬ್ಬು ಅಳೆಯಿರಿ. ಲೈನರನ್ನು ಮೇಜಿನ ಮೇಲೆ ಒತ್ತದೆ ಹರಡಿ. ಬೆನ್ನು, ಭುಜ, ತೋಳು ಮೂರು ಕಡೆ ಸ್ಕೇಲ್ ನಿಲ್ಲಿಸಿ ದಪ್ಪ ಬರೆದುಕೊಳ್ಳಿ. ಅದೇ ಜಾಗಗಳ ಮೇಲೆ ನೀರು ತುಂಬಿದ ಕೊಡ ಹತ್ತು ನಿಮಿಷ ಇಡಿ. ತೆಗೆದು, ಎರಡು ಸಲ ಕೊಡವಿ, ಇನ್ನು ಹತ್ತು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಮುಕ್ಕಾಲು ಪಾಲಾದರೂ ವಾಪಸ್ ಬರಬೇಕು. ಇದು ನಾನು ನನಗೆ ಇಟ್ಟುಕೊಂಡ ಅಳತೆ. ಬರದಿದ್ದರೆ ಆ ತುಂಬಣ ಹಳೆಯ ಹಾಸಿಗೆಯ ಹತ್ತಿಯಂತಾಗಿದೆ. ಇದನ್ನು ಹಿಂಜಿಸಲು ಆಗುವುದಿಲ್ಲ, ಲೈನರನ್ನೇ ಬದಲಿಸಬೇಕು.

ಆಮೇಲೆ ಕತ್ತಲ ಕೋಣೆಯಲ್ಲಿ ಲೈನರಿನ ಒಂದು ಬದಿಗೆ ಟಾರ್ಚ್ ಹಿಡಿದು ಇನ್ನೊಂದು ಬದಿಯಿಂದ ನೋಡಿ. ಬೆಳಕು ಎಲ್ಲ ಕಡೆ ಒಂದೇ ಸಮ ಮಂಕಾಗಿರಬೇಕು. ಅಲ್ಲಲ್ಲಿ ಕಿಟಕಿಯಂತೆ ಹೊಳೆದರೆ ಅಲ್ಲಿ ತುಂಬಣ ಜಾರಿಹೋಗಿದೆ. ಸಾಮಾನ್ಯವಾಗಿ ಭುಜ, ಮೊಣಕೈ, ಚೀಲದ ಪಟ್ಟಿ ಉಜ್ಜುವ ಕಡೆ ಹೀಗಾಗುತ್ತದೆ. ಆ ಜಾಗದಲ್ಲಿ ಬೆಟ್ಟದ ಮೇಲೆ ಯಾರೋ ತಣ್ಣನೆ ಕೈ ಇಟ್ಟ ಹಾಗೆ ಇರುತ್ತದೆ.

ಮೂಗನ್ನೂ ಬಳಸಿ. ಮುಗ್ಗಲು ವಾಸನೆ ಇದ್ದರೆ ಬೂಷ್ಟು ಹಿಡಿದಿತ್ತು ಅಂತ ಅರ್ಥ. ಕರ್ಪೂರದ್ದೋ ಸೆಂಟಿನದ್ದೋ ವಾಸನೆ ಅತಿಯಾಗಿ ಹೊಡೆದರೆ ಏನನ್ನೋ ಮುಚ್ಚುತ್ತಿದ್ದಾರೆ ಅಂತ ಅನುಮಾನಿಸಿ.

ಇಲ್ಲಿ ಜನ ಮೋಸ ಹೋಗುವ ಜಾಗ ಒಂದಿದೆ. ಜಾಕೆಟ್ ಒಂದು ಕಡೆಯದು, ಲೈನರ್ ಇನ್ನೊಂದು ಕಡೆಯದು. ಗುಂಡಿ, ಕಾಜಾ ಹೊಂದುವುದಿಲ್ಲ. ಮಾರುವವರು ಮೇಲಿನ ಎರಡು ಗುಂಡಿ ಹಾಕಿ ತೋರಿಸುತ್ತಾರೆ. ನೀವು ಎಲ್ಲ ಗುಂಡಿ ಹಾಕಿಸಿ ನೋಡಿ, ತೋಳಿನ ತುದಿಯದ್ದೂ ಸೇರಿ. ಒಂದೆರಡು ಹೊಂದದಿದ್ದರೆ ನಮ್ಮೂರ ಟೈಲರ್ ಹತ್ತು ನಿಮಿಷದಲ್ಲಿ ಸರಿ ಮಾಡಿಕೊಡುತ್ತಾರೆ. ಲೈನರ್ ಒಂದು ಸೈಜ್ ಚಿಕ್ಕದಿದ್ದರೆ ಯಾವ ಟೈಲರೂ ಏನೂ ಮಾಡಲು ಆಗುವುದಿಲ್ಲ.

ಹಂತ 6: ಗಾಳಿ ನುಗ್ಗುವ ಕಿಂಡಿಗಳು

ಜಿಪ್ಪನ್ನು ಹತ್ತು ಸಲ ಎಳೆದು ನೋಡಿ. ಒಮ್ಮೆ ಸಿಕ್ಕಿಕೊಂಡರೂ ಎಲ್ಲಿ, ಯಾಕೆ ಅಂತ ಹುಡುಕಿ. ಎಂ-65 ಹಳೆಯದಾದರೆ ಲೋಹದ ಜಿಪ್, ಆಮೇಲಿನದಾದರೆ ಪ್ಲಾಸ್ಟಿಕ್. ಲೋಹದ್ದು ಬಿಗಿಯಾಗಿದ್ದರೆ ಮೇಣದ ಬತ್ತಿ ಉಜ್ಜಿ, ಸಲೀಸಾಗುತ್ತದೆ. ಹಲ್ಲು ಮುರಿದಿದ್ದರೆ ಬೇಡ. ಜಿಪ್ಪಿನ ಮೇಲೆ ಮುಚ್ಚುವ ಪಟ್ಟಿ ಇರಲೇಬೇಕು, ಅದರ ಟಿಚ್ ಬಟನ್ ಎಲ್ಲವೂ ಟಕ್ ಅಂತ ಕೂರಬೇಕು. ಪಟ್ಟಿ ಇಲ್ಲದ ಜಿಪ್ ಅಂದರೆ ಎದೆಯ ನಡುವೆ ಉದ್ದಕ್ಕೂ ಒಂದು ಸೀಳು ಇದ್ದ ಹಾಗೆ.

ಕಾಲರ್ ಎತ್ತಿ ಕಟ್ಟಿದಾಗ ಗದ್ದ ಮುಟ್ಟಬೇಕು. ಮಣಿಕಟ್ಟಿನ ವೆಲ್ಕ್ರೋ ಹಳೆಯದಾದರೆ ಧೂಳು, ದಾರ ಸೇರಿ ಹಿಡಿಯುವುದಿಲ್ಲ, ಅದನ್ನು ಬದಲಿಸಿಬಿಡಿ. ಸೊಂಟದ ಲಾಡಿ, ಕೆಳಅಂಚಿನ ಲಾಡಿ ಎರಡೂ ಇವೆಯಾ, ಎಳೆದರೆ ಬಿಗಿಯುತ್ತವೆಯಾ ನೋಡಿ. ಲಾಡಿ ಬಿಗಿಯದಿದ್ದರೆ ನೀವು ಬಗ್ಗಿ ಎದ್ದಾಗಲೆಲ್ಲ ಒಳಗಿನ ಬಿಸಿ ಗಾಳಿ ಕಾಲರಿನಿಂದ ಹೊರಹೋಗಿ ಕೆಳಗಿನಿಂದ ತಣ್ಣಗಾಳಿ ಬರುತ್ತದೆ. ಬೈಕಿನವರು ಲಾಡಿಯ ತುದಿ ನೇತಾಡದಂತೆ ಒಳಗೆ ಸಿಕ್ಕಿಸಲೇಬೇಕು. ಚೈನಿಗೆ ಸಿಕ್ಕಿದರೆ ಅಪಾಯ.

ಹಂತ 7: ಅಳತೆ

ಮಿಲಿಟರಿ ಜಾಕೆಟ್ಟನ್ನು ಒಳಗೆ ಸ್ವೆಟರ್ ಹಾಕುತ್ತಾರೆ ಅಂತಲೇ ಸಡಿಲವಾಗಿ ಹೊಲಿದಿರುತ್ತಾರೆ. ಎಂ-65ರಲ್ಲಿ "ಮೀಡಿಯಂ ರೆಗ್ಯುಲರ್" ಅಂದರೆ 37ರಿಂದ 41 ಇಂಚು ಎದೆ, 67ರಿಂದ 71 ಇಂಚು ಎತ್ತರದವರಿಗೆ. ಇದು ನಿಮ್ಮ ಮೈ ಅಳತೆ, ಜಾಕೆಟ್ಟಿನ ಅಳತೆಯಲ್ಲ. ಬ್ರಿಟಿಷ್ ಸೈನ್ಯದ್ದಾದರೆ 180/96 ಅಂತ ಇರುತ್ತದೆ: 180 ಸೆಂ.ಮೀ. ಎತ್ತರ, 96 ಸೆಂ.ಮೀ. ಎದೆ.

ಲೈನರ್ ಹಾಕಿ, ಒಳಗೆ ದಪ್ಪ ಸ್ವೆಟರ್ ತೊಟ್ಟು ನೋಡಿ. ಎರಡೂ ಕೈ ಮೇಲೆತ್ತಿ, ಸೊಂಟ ತೆರೆದುಕೊಳ್ಳಬಾರದು. ಬೈಕಿನ ಹ್ಯಾಂಡಲ್ ಹಿಡಿದ ಹಾಗೆ ಕೈ ಚಾಚಿ, ಮಣಿಕಟ್ಟು ಕಾಣಬಾರದು. ಬಿಗಿ ಜಾಕೆಟ್ ತುಂಬಣವನ್ನು ಒತ್ತಿಹಾಕುತ್ತದೆ, ಗಾಳಿ ನಿಲ್ಲಲು ಜಾಗವೇ ಇರುವುದಿಲ್ಲ. ತೀರಾ ದೊಗಲೆಯಾದರೆ ಒಳಗೆ ಗಾಳಿ ಓಡಾಡುತ್ತದೆ. ಕನ್ನಡಿ ಮುಂದೆ ಚೆನ್ನಾಗಿ ಕಾಣುವ ಸೈಜ್ ಸಾಮಾನ್ಯವಾಗಿ ಒಂದು ಸೈಜ್ ಚಿಕ್ಕದಾಗಿರುತ್ತದೆ.

ಹಂತ 8: ಬಾಟಲಿ ಪರೀಕ್ಷೆ

ಚಳಿ ಇಲ್ಲದ ಊರಿನವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ನಮ್ಮ ಮೈಯ ಬದಲು ಬಿಸಿನೀರಿನ ಬಾಟಲಿ. ಬಿಸಿ ಎಷ್ಟು ಬೇಗ ಓಡಿಹೋಗುತ್ತದೆ ಅಂತ ಅಳೆಯುವುದು, ಅಷ್ಟೇ.

ಬಾಟಲಿ ಒಂದೇ ಗೋಡೆಯ ಸಾದಾ ಸ್ಟೀಲಿನದಾಗಿರಬೇಕು. ಬಿಸಿ ಹಿಡಿದಿಡುವ ಫ್ಲಾಸ್ಕ್ ಬಳಸಿದರೆ ಪರೀಕ್ಷೆಯೇ ಆಗುವುದಿಲ್ಲ. ಜ್ವರ ನೋಡುವ ಥರ್ಮಾಮೀಟರನ್ನು ಬಿಸಿನೀರಿಗೆ ಹಾಕಬೇಡಿ, ಒಡೆಯುತ್ತದೆ. ಅಡುಗೆಮನೆಯ ಡಿಜಿಟಲ್ ಥರ್ಮಾಮೀಟರ್ ಅಥವಾ ಕಾಲೇಜು ಪ್ರಯೋಗಾಲಯದಲ್ಲಿ ಬಳಸುವ ಗಾಜಿನದು ಬೇಕು.

ಎರಡೂ ಬಾಟಲಿಗೆ 60 ಡಿಗ್ರಿಯ ನೀರನ್ನು ಒಂದೇ ಅಳತೆಗೆ ತುಂಬಿ. ಒಂದನ್ನು ಜಾಕೆಟ್ಟಿನ ಎದೆಯ ಜಾಗದಲ್ಲಿಟ್ಟು ಜಿಪ್ ಹಾಕಿ, ತೋಳುಗಳನ್ನು ಹಿಂದಕ್ಕೆ ಮಡಚಿ, ಬಾಟಲಿಯ ಸುತ್ತ ಎಲ್ಲ ಕಡೆ ಒಂದು ಹೊರಬಟ್ಟೆ, ಒಂದು ಲೈನರ್ ಬರುವಂತೆ ಸುತ್ತಿ. ಇನ್ನೊಂದನ್ನು ನೀವು ಹೋಲಿಸಬೇಕಾದ ಬಟ್ಟೆಯಲ್ಲಿ ಸುತ್ತಿ. ಮನೆಯಲ್ಲಿರುವ ಸ್ವೆಟರ್ ಆಗಬಹುದು, ಸ್ನೇಹಿತರ ಜಾಕೆಟ್ ಆಗಬಹುದು. ಕಿಟಕಿ ಮುಚ್ಚಿ. ಅರ್ಧ ಗಂಟೆ, ಒಂದು ಗಂಟೆ, ಒಂದೂವರೆ ಗಂಟೆಗೆ ನೀರಿನ ಬಿಸಿ ನೋಡಿ ಬರೆಯಿರಿ. ಬಾಟಲಿ ತೆರೆದು ಮುಚ್ಚುವ ಹೊತ್ತು ಎರಡಕ್ಕೂ ಒಂದೇ ಇರಲಿ.

ಮಾರನೆಯ ದಿನ ಇದನ್ನೇ ಮತ್ತೆ ಮಾಡಿ, ಈ ಸಲ ಎರಡರ ಮೇಲೂ ಸಮನಾಗಿ ಟೇಬಲ್ ಫ್ಯಾನ್ ಬೀಸಲಿ.

ಚಳ್ಳಕೆರೆ ಕಂಬಳಿ ಬೇಕು ಅಂದದ್ದು ಇದಕ್ಕೇ. ನಮ್ಮ ಕುರಿಯ ಒರಟು ಉಣ್ಣೆಯದು, ಹುಣಸೆ ಬೀಜದ ಗಂಜಿ ಹಾಕಿ ಬಿಗಿ ಮಾಡಿದ್ದು. ಫ್ಯಾನ್ ಇಲ್ಲದಾಗ ಎರಡು ಸುತ್ತು ಸುತ್ತಿದ ಕಂಬಳಿ ಜಾಕೆಟ್ಟಿಗೆ ಸುಲಭವಾಗಿ ಸೋಲುವುದಿಲ್ಲ. ಫ್ಯಾನ್ ಹಾಕಿದಾಗ ಅದರ ನೇಯ್ಗೆಯ ಸಂದಿನಿಂದ ಗಾಳಿ ನುಗ್ಗಿ ನೀರು ಬೇಗ ಆರುತ್ತದೆ. ಒಳ್ಳೆಯ ಫೀಲ್ಡ್ ಜಾಕೆಟ್ಟಿನಲ್ಲಿ ಫ್ಯಾನ್ ಇದ್ದಾಗ, ಇಲ್ಲದಾಗ ಅಷ್ಟೊಂದು ವ್ಯತ್ಯಾಸ ಕಾಣಬಾರದು. ಹಾಗಾಗಿ ಎರಡು ದಿನದ ಅಂಕಿಗಳನ್ನು ಹೀಗೆ ಓದಿ:

ಫ್ಯಾನ್ ಇಲ್ಲದೆಯೇ ನೀರು ಬೇಗ ಆರಿದರೆ ಲೈನರ್ ಸೋತಿದೆ. ಫ್ಯಾನ್ ಹಾಕಿದಾಗ ಮಾತ್ರ ಬೇಗ ಆರಿದರೆ ಹೊರಬಟ್ಟೆ ಅಥವಾ ಜಿಪ್ ಸೋತಿದೆ. ಮೊದಲನೆಯದಕ್ಕೆ ಒಳಗೆ ಇನ್ನೊಂದು ಉಣ್ಣೆ ಸ್ವೆಟರ್ ಸೇರಿಸಬಹುದು. ಎರಡನೆಯದಕ್ಕೆ ಮೇಲೆ ಒಂದು ತೆಳು ಗಾಳಿತಡೆ ಜಾಕೆಟ್ ಹಾಕಬಹುದು. ಎರಡೂ ಸೋತಿದ್ದರೆ ದುಡ್ಡು ಉಳಿಸಿಕೊಳ್ಳಿ.

ಈ ಪರೀಕ್ಷೆ ಇದು ಅದಕ್ಕಿಂತ ಮೇಲು ಅಂತ ಹೇಳುತ್ತದೆಯೇ ಹೊರತು, ಮೈನಸ್ 10ಕ್ಕೆ ಸಾಕು ಅಂತ ಹೇಳುವುದಿಲ್ಲ. ಬೆಟ್ಟಕ್ಕೆ ಹೋಗಿ ಬಂದವರ ಜಾಕೆಟ್ ಒಂದನ್ನು ಎರವಲು ತಂದು ಅದರ ಪಕ್ಕ ಇಟ್ಟು ಅಳೆದರೆ ಆಗ ನಿಮಗೆ ಒಂದು ನಿಜವಾದ ಅಳತೆಗೋಲು ಸಿಗುತ್ತದೆ.

ಹಂತ 9: ಮೈ ಮೇಲೆ ಹಾಕಿ ನೋಡುವುದು

ಡಿಸೆಂಬರ್ ಕೊನೆಯಲ್ಲಿ ಬೆಳಗ್ಗೆ ಐದಕ್ಕೆ ಎದ್ದು ಹೆದ್ದಾರಿ 48ರಲ್ಲಿ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಬೈಕಿನಲ್ಲಿ ಹೋಗಿ. ಸುಮಾರು 60 ಕಿ.ಮೀ. ಒಳಗೆ ಒಂದು ಟೀ ಶರ್ಟ್ ಮಾತ್ರ, ಮೇಲೆ ಜಾಕೆಟ್. ಚಳಿ ಎಲ್ಲಿಂದ ಬರುತ್ತಿದೆ ಅಂತ ಗಮನಿಸಿ: ಕುತ್ತಿಗೆಯೋ, ಮಣಿಕಟ್ಟೋ, ಜಿಪ್ಪಿನ ಗೆರೆಯೋ, ಸೊಂಟವೋ. ಮನೆಯಲ್ಲಿ ಕಾಣದ ಕಿಂಡಿ ಇಲ್ಲಿ ಕಾಣುತ್ತದೆ. ದುರ್ಗದಲ್ಲಿರುವವರಿಗೆ ಜೋಗಿಮಟ್ಟಿಯ ಗಾಳಿಯೇ ಸಾಕು. ಅದು ಅರಣ್ಯ ಇಲಾಖೆಯ ಜಾಗ, ಗೇಟ್ ತೆರೆಯುವ ಹೊತ್ತು ಕೇಳಿಕೊಂಡು ಹೋಗಿ.

ಇನ್ನೊಂದು ದಿನ ಬೆವರಿನ ಪರೀಕ್ಷೆ. ಜಾಕೆಟ್ ಹಾಕಿಕೊಂಡು ಕೋಟೆಯ ಮೆಟ್ಟಿಲು ಹತ್ತಿ. ಕಾಲು ಗಂಟೆಯ ನಂತರ ಬೆನ್ನಿಗೆ ಕೈ ಹಾಕಿ ನೋಡಿ. ಒದ್ದೆಯಾಗಿದ್ದರೆ, ಮತ್ತು ಇಲ್ಲಿ ಖಂಡಿತ ಒದ್ದೆಯಾಗುತ್ತದೆ, ಎಷ್ಟು ಬೇಗ ಆರುತ್ತದೆ ಅಂತ ನೋಡಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಜಾಸ್ತಿ ಬಿಸಿಯನ್ನು ದಾಟಿಸುತ್ತದೆ. ಬೆವರು ಕುಡಿದ ಲೈನರ್ ರಾತ್ರಿ ನಿಮ್ಮ ಶತ್ರು. ನಾನು ನನ್ನ ಮೊದಲ ಹಿಮದ ಚಾರಣದಲ್ಲಿ ಚಳಿಗೆ ಹೆದರಿ ಜಿಪ್ ಪೂರ್ತಿ ಹಾಕಿಕೊಂಡೇ ಹತ್ತಿದೆ. ಕ್ಯಾಂಪ್ ತಲುಪುವಾಗ ಲೈನರ್ ಹಿಂಡುವಷ್ಟು ಒದ್ದೆ. ಆ ರಾತ್ರಿ ನಿದ್ದೆ ಬರಲಿಲ್ಲ, ಕೈಬೆರಳು ಬಹಳ ಹೊತ್ತು ಮರಗಟ್ಟಿದ್ದವು.

ಹತ್ತುವಾಗ ಲೈನರ್ ಬಿಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬ್ಯಾಗಿನಲ್ಲಿಡಿ. ಹೊರಡುವಾಗ ಸ್ವಲ್ಪ ಚಳಿ ಅನ್ನಿಸಲಿ, ಹತ್ತು ನಿಮಿಷದಲ್ಲಿ ಸರಿಹೋಗುತ್ತದೆ. ನಿಂತ ಕೂಡಲೇ ಹಾಕಿಕೊಳ್ಳಿ. ಲೈನರ್ ಬಿಚ್ಚುವ ಅನುಕೂಲ ಇರುವುದೇ ಈ ಜಾಕೆಟ್ಟುಗಳ ದೊಡ್ಡ ಗುಣ.

ಹಾಗಾದರೆ ಎಂ-65 ತರಹದ್ದು ಎಲ್ಲಿಗೆ ಸಾಕು? ನನ್ನ ಅನುಭವದಲ್ಲಿ, ಜೀವ ಇರುವ ಲೈನರ್ ಮತ್ತು ಒಳಗೊಂದು ಉಣ್ಣೆ ಸ್ವೆಟರ್ ಇದ್ದರೆ 0 ಡಿಗ್ರಿ ಆಸುಪಾಸಿನಲ್ಲಿ ಓಡಾಡಲು ಚೆನ್ನಾಗಿದೆ. ಬೈಕಿಗೆ, ಯುರೋಪಿನ ಊರುಗಳ ಸಾಧಾರಣ ಚಳಿಗೆ ಧೈರ್ಯವಾಗಿ ತಗೊಳ್ಳಿ. ಮೈನಸ್ 10ರಲ್ಲಿ ಟೆಂಟಿನ ಹೊರಗೆ ಕೂರಲು ಇದೊಂದನ್ನೇ ನಂಬಬೇಡಿ. ಅಲ್ಲಿಗೆ ಡೌನ್ ಜಾಕೆಟ್ ಬಾಡಿಗೆಗಾದರೂ ತಗೊಳ್ಳಿ. ಭಾರವೂ ಒಂದು ಲೆಕ್ಕ. ಲೈನರ್ ಸಮೇತ ತೂಗಿ ನೋಡಿ, ಆ ಭಾರ ದಿನವಿಡೀ ನಿಮ್ಮ ಬೆನ್ನ ಮೇಲೆ ಇರುತ್ತದೆ.

ಒಂದು ಎಚ್ಚರಿಕೆ. ಬೆಟ್ಟದ ಮೇಲೆ ಯಾರಾದರೂ ತಡೆಯಲಾಗದೆ ನಡುಗುತ್ತಿದ್ದರೆ, ಮಾತು ತೊದಲಿದರೆ, ಗುಂಡಿ ಹಾಕಿಕೊಳ್ಳಲು ಕೈ ಬಾರದಿದ್ದರೆ ಅದು ಮೈ ಶಾಖ ಇಳಿಯುತ್ತಿರುವ ಲಕ್ಷಣ. ಒದ್ದೆ ಬಟ್ಟೆ ತೆಗೆಸಿ, ಒಣಗಿದ್ದು ಹೊದಿಸಿ, ಗಾಳಿಯಿಂದ ಮರೆ ಮಾಡಿ, ಕೂಡಲೇ ಗೈಡನ್ನು ಕರೆಯಿರಿ. ಮದ್ಯ ಕೊಡಲೇಬೇಡಿ. ಅದು ಬೆಚ್ಚಗಾದಂತೆ ಅನ್ನಿಸಿ ಮೈ ಬಿಸಿಯನ್ನು ಇನ್ನೂ ಬೇಗ ಹೊರಹಾಕುತ್ತದೆ.

ಹಂತ 10: ಒಗೆಯುವುದು, ಎತ್ತಿಡುವುದು

ಹಳೆಯ ಜಾಕೆಟ್ ತಂದ ಕೂಡಲೇ ಒಗೆಯಿರಿ, ಆದರೆ ಒಗೆಯುವ ಕಲ್ಲಿನ ಮೇಲೆ ಬೇಡ. ಬಡಿದರೆ ತುಂಬಣ ಜಾರುತ್ತದೆ, ಹಿಂಡಿದರೆ ಹೊಲಿಗೆ ಬಿಡುತ್ತದೆ. ಲೈನರ್ ಬೇರೆ ಮಾಡಿ, ತಣ್ಣೀರಿನಲ್ಲಿ ಸ್ವಲ್ಪ ಸೋಪಿನ ನೀರು ಹಾಕಿ ಅದ್ದಿ ತೆಗೆಯಿರಿ. ಸೋಪು ಪೂರ್ತಿ ಹೋಗುವವರೆಗೆ ಜಾಲಿಸಿ. ಬ್ಲೀಚ್ ಬೇಡ. ಬಟ್ಟೆ ಮೆತ್ತಗಾಗಲು ಹಾಕುವ ಕಂಡೀಷನರ್ ಕೂಡ ಬೇಡ, ಅದು ನೀರು ಜಾರಿಸುವ ಗುಣವನ್ನು ಕೆಡಿಸುತ್ತದೆ. ಹಗ್ಗಕ್ಕೆ ನೇತು ಹಾಕದೆ ಚಾಪೆಯ ಮೇಲೆ ನೆರಳಿನಲ್ಲಿ ಹರಡಿ, ಆಗಾಗ ತಿರುಗಿಸಿ. ಏಪ್ರಿಲ್ ಬಿಸಿಲಿನಲ್ಲಿ ಬೇಗ ಒಣಗುತ್ತದೆ ಅಂತ ತಾರಸಿ ಮೇಲೆ ಹಾಕಿದರೆ ಬಣ್ಣ, ನೈಲಾನ್ ಎರಡೂ ಹಾಳು.

ಇಲ್ಲಿ ನಾವು ಜಾಕೆಟ್ ಹಾಕುವುದು ವರ್ಷಕ್ಕೆ ಹದಿನೈದು ದಿನ. ಉಳಿದ ದಿನ ಅದು ಸೂಟ್‌ಕೇಸಿನ ತಳದಲ್ಲಿ ಮದುವೆ ಸೀರೆಗಳ ಕೆಳಗೆ ಚಪ್ಪಟೆಯಾಗಿ ಬಿದ್ದಿರುತ್ತದೆ. ಹಾಗೆ ಮಾಡಬೇಡಿ. ಪೂರ್ತಿ ಒಣಗಿಸಿ, ಜಿಪ್ ಹಾಕಿ, ಅಗಲ ಭುಜದ ಹ್ಯಾಂಗರಿಗೆ ಸಡಿಲವಾಗಿ ನೇತುಹಾಕಿ, ಮೇಲೆ ಹಳೆಯ ಹತ್ತಿ ಪಂಚೆ ಹೊದಿಸಿ. ಉಣ್ಣೆ ಇದ್ದರೆ ಜೇಬಿನಲ್ಲಿ ಒಣಗಿದ ಬೇವಿನ ಸೊಪ್ಪು ಕಟ್ಟಿ ಇಡಿ. ಮುಂದಿನ ನವೆಂಬರಿನಲ್ಲಿ ಹೊರತೆಗೆದಾಗ ಐದನೇ ಹಂತದ ಕೊಡದ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ, ಹೋದ ವರ್ಷ ಬರೆದಿಟ್ಟ ದಪ್ಪದ ಜೊತೆ ಹೋಲಿಸಿ ನೋಡಿ.